ಒಂದು ಡಬ್ಬಿ, ಎರಡು ಕೋಣೆ

ಬೆಚ್ಚಗಿರುವ ಮನೆಯಲ್ಲಿ ಯಾರೂ ಹೀಟಿಂಗ್ ಎಂಜಿನಿಯರನ್ನು ನೆನೆಯುವುದಿಲ್ಲ. ಇದು ದೂರಲ್ಲ. ಕೆಲಸ ಸರಿಯಾಗಿ ಆಗಿದೆ ಎನ್ನುವುದಕ್ಕೆ ನಮ್ಮ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ. ನ್ಯೂರೆಂಬರ್ಗಿನ ಎಷ್ಟೋ ಮನೆಗಳು ನನ್ನನ್ನು ಸಂಪೂರ್ಣ ಮರೆತಿವೆ, ಆ ಬಗ್ಗೆ ನನಗೆ ಹೆಮ್ಮೆ ಇದೆ.

ನಾನು ಕಸ್ತೂರಿ ಬಡಿಗೇರ, ಹುಬ್ಬಳ್ಳಿಯವಳು. ಮನೆಗಳ ಹೀಟಿಂಗ್ ನಿಯಂತ್ರಣದ ಕೆಲಸ ಮಾಡಿಯೇ ನಿವೃತ್ತಳಾದೆ. ಈಚೆಗೆ, ನಾನೂ ಹಿಂದೆ ಓದಿದ ಜರ್ಮನಿಯ ಆಖೆನ್‌ನಲ್ಲಿ ಮಾಸ್ಟರ್ಸ್ ಓದುವ ನಮ್ಮ ಕಡೆಯ ಹುಡುಗರು ಫೋನ್ ಮಾಡುತ್ತಾರೆ. "ಮೇಡಂ, ಸ್ಮಾರ್ಟ್ ಹೀಟಿಂಗ್ ಫೀಲ್ಡಲ್ಲಿ ಸ್ಕೋಪ್ ಇದೆಯಾ?" ಇದೆ. ಈ ದೇಶದಲ್ಲಿ ಚಳಿ ಇರುವವರೆಗೂ ಇದೆ. ಆದರೆ ಬಡ್ತಿ ಹೇಗೆ ಸಿಗುತ್ತದೆ ಎಂದು ನನ್ನನ್ನು ಕೇಳಬೇಡಿ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಕೆಲಸ ಹೇಗಿರುತ್ತದೆ ಎಂದು ಕೇಳಿ.

ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಅಪ್ಪ ಹುಬ್ಬಳ್ಳಿ ಸ್ಟೇಷನ್ ಹತ್ತಿರದ ಒಂದು ಲಾಡ್ಜಿನಲ್ಲಿ ಸ್ನಾನದ ನೀರಿನ ಬಾಯ್ಲರಿಗೆ ಕಟ್ಟಿಗೆ ಹಾಕುತ್ತಿದ್ದರು. ಎಂಜಿನಿಯರಿಂಗ್ ಸೀಟಿಗೆ ಅವ್ವನ ಕೊರಳಿನ ಬಂಗಾರದ ಬೋರಮಾಳ ಹೋಯಿತು, ಊರವರ ಮಾತು ಬೇರೆ ಬಂತು: ಹೆಣ್ಣುಮಗಳಿಗೆ ಮೆಷಿನ್ ಓದು ಯಾಕೆ ಅಂತ. ಡಿಗ್ರಿ ಕೈಗೆ ಬಂದ ದಿನ ಅಪ್ಪ ಕೇಳಿದರು, "ಏನ್ ಕಲಿತಿ ಇಷ್ಟ ದಿವಸ?"

"ಶಾಖ ಎಲ್ಲಿಂದ ಎಲ್ಲಿಗೆ ಹೆಂಗ ಹೋಗ್ತೈತಿ ಅಂತ ಕಲಿತೆ."

"ಅಷ್ಟಕ್ಕ ಕಾಲೇಜು ಬೇಕಾತೇನು? ಅದು ನನಗೂ ಗೊತ್ತೈತಿ."

"ನಿಮಗ ಕೈ ಸುಟ್ಟ ಮ್ಯಾಲೆ ಗೊತ್ತಾಗ್ತೈತಿ. ನನಗ ಸುಡೋಕಿಂತ ಮೊದಲ ಗೊತ್ತಾಗ್ತೈತಿ."

ಅಪ್ಪ ನಕ್ಕರು. ಆಮೇಲೆ ಬಾಯ್ಲರಿಗೆ ಬರುವವರಿಗೆಲ್ಲ ಈ ಮಾತನ್ನು ತಾವೇ ಹೇಳಿದವರಂತೆ ಹೇಳಿಕೊಂಡು ತಿರುಗಿದರಂತೆ. ಅವರಿಂದ ನಾನು ಎತ್ತಿಕೊಂಡ ಅಭ್ಯಾಸ ಒಂದೇ. ಯಾವ ಪೈಪನ್ನೇ ಆಗಲಿ, ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ ಮುಟ್ಟುವುದು. ಅಂಗೈ ದುಡಿದು ದಪ್ಪಗಾಗಿರುತ್ತದೆ, ಹಿಂಬದಿಗೆ ಬೇಗ ತಿಳಿಯುತ್ತದೆ.

ಇನ್ನು ಕೆಲಸದ ವಿಷಯ. ಇಲ್ಲಿ ಎಷ್ಟೋ ಮನೆಗಳಲ್ಲಿ ನೆಲದ ಕೆಳಗೆ ಬಿಸಿನೀರಿನ ಪೈಪು ಓಡುತ್ತದೆ. ಗೋಡೆಯ ಮೇಲೆ ಒಂದು ಬಿಳಿ ಡಬ್ಬಿ, ಅದೇ ಥರ್ಮೋಸ್ಟ್ಯಾಟು. ಅದರಿಂದ ಒಂದು ವೈರು ಗೋಡೆಯೊಳಗೆ ಇಳಿದು ಪಡಸಾಲೆಯ ಕಪಾಟಿಗೆ ಹೋಗುತ್ತದೆ. ಆ ಕಪಾಟಿನಲ್ಲಿ ಒಂದೊಂದು ಪೈಪಿಗೆ ಒಂದೊಂದು ವಾಲ್ವು. ಕೋಣೆ ತಣ್ಣಗಾದರೆ ಡಬ್ಬಿ 'ಟಕ್' ಅನ್ನುತ್ತದೆ, ವಾಲ್ವು ತೆರೆಯುತ್ತದೆ. ಬೆಚ್ಚಗಾದರೆ ಮತ್ತೆ 'ಟಕ್', ಮುಚ್ಚುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಇಡೀ ವಿದ್ಯೆ ಆ 'ಟಕ್'ನಲ್ಲಿತ್ತು. ಕಿವಿ ಕೊಟ್ಟು ಕೇಳುತ್ತಿದ್ದೆವು. ಈಗ ಆ ಡಬ್ಬಿ ಕಿತ್ತು ಕೋಣೆ ಕೋಣೆಗೂ ವೈರ್‌ಲೆಸ್ ಸೆನ್ಸರ್ ಹಾಕುತ್ತೇವೆ. ಪ್ರತಿ ಕೋಣೆಗೂ ಅದರದೇ ಬಿಸಿ, ಅದರದೇ ವೇಳೆ, ಎಲ್ಲ ಫೋನಿನಲ್ಲಿ ಕಾಣುತ್ತದೆ. 'ಟಕ್' ಇಲ್ಲ. ಸದ್ದು ಹೋದದ್ದಕ್ಕೆ ನಾನೇನೂ ಅಳಲಿಲ್ಲ, ಹೊಸದೇ ಒಳ್ಳೆಯದು. ಆದರೆ ಹೊಸ ಸೆನ್ಸರ್ ಬಂದ ಮಾತ್ರಕ್ಕೆ ಹಳೆಯ ಗೋಡೆಯೊಳಗಿನ ವೈರು ಬುದ್ಧಿ ಕಲಿಯುವುದಿಲ್ಲ.

ಇದನ್ನು ನಮಗೆ ಕಲಿಸಿದ್ದು ಮ್ಯೂನಿಕ್‌ನ ಒಬ್ಬ ದಂತವೈದ್ಯರ ಮನೆ. ಆಗ ನನ್ನ ಮೇಲಧಿಕಾರಿ ಹೆರ್ ಬ್ರಾಂಡ್ಲ್; ಹೆರ್ ಅಂದರೆ ಇಲ್ಲಿ ಶ್ರೀಯುತ, ಫ್ರಾವ್ ಅಂದರೆ ಶ್ರೀಮತಿ. ಒಳ್ಳೆಯ ಮನುಷ್ಯ, ಆದರೆ ಕಾಗದದ ಭಕ್ತ. ಕಟ್ಟಡದ ಪ್ಲಾನ್ ಮೇಜಿನ ಮೇಲೆ ಹರಡಿ, ಅಂಗೈಯಿಂದ ಒಮ್ಮೆ ಸವರಿ, "ಪ್ಲಾನ್ ಸರಿ ಇದೆ" ಅಂದರೆ ಮುಗಿಯಿತು, ಮನೆ ಅದಕ್ಕೆ ಒಪ್ಪಿಕೊಳ್ಳಬೇಕು. ಪ್ಲಾನಿನಲ್ಲಿ ಇದ್ದ ಹೆಸರುಗಳನ್ನೇ ಆ್ಯಪಿಗೆ ಹಾಕಿಸಿದರು: ಬಚ್ಚಲು, ಮಲಗುವ ಕೋಣೆ, ನೆಲಮಾಳಿಗೆ. ಹಿಂದೆ ಯಾವನೋ ಕಪಾಟಿನೊಳಗೆ ಎರಡು ವೈರು ಅದಲುಬದಲು ಮಾಡಿದ್ದ. ವೈದ್ಯರ ಹೆಂಡತಿ ಬಚ್ಚಲು ತಣ್ಣಗಿದೆ ಎಂದು ಫೋನಿನಲ್ಲಿ ಬಿಸಿ ಏರಿಸುತ್ತಾ ಹೋದರು. ಬಚ್ಚಲು ತಣ್ಣಗೇ ಉಳಿಯಿತು. ನೆಲಮಾಳಿಗೆಯಲ್ಲಿ ವೈದ್ಯರು ಕೂಡಿಟ್ಟ ವೈನು ಬೆಚ್ಚಗಾಯಿತು.

ವೈದ್ಯರು ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ಬಾಟಲಿ ಕೈಗೆ ಕೊಟ್ಟು ಕೇಳಿದರು, "ಫ್ರಾವ್ ಬಡಿಗೇರ, ವೈನಿಗೆ ಇಷ್ಟು ಶಾಖ ಬೇಕು ಅಂತ ಯಾರು ಹೇಳಿದ್ದು?"

"ನಿಮ್ಮ ಹೆಂಡತಿ," ಅಂದೆ. ಅದು ಸತ್ಯವೇ ಆಗಿತ್ತು. ಬ್ರಾಂಡ್ಲ್ ನನ್ನ ಕಾಲು ತುಳಿದರು.

ಅಂದಿನಿಂದ ನಾನು ಒಂದು ನಿಯಮ ಮಾಡಿಕೊಂಡೆ. ಒಂದು ಸಲಕ್ಕೆ ಒಂದೇ ವಾಲ್ವು ತೆರೆಯುವುದು, ಕಾಯುವುದು, ಆಮೇಲೆ ಬೂಟು ಸಾಕ್ಸು ಬಿಚ್ಚಿ ಇಡೀ ಮನೆ ಬರಿಗಾಲಲ್ಲಿ ನಡೆಯುವುದು. ಯಾವ ನೆಲ ಬೆಚ್ಚಗಾಯಿತೋ ಅದೇ ಆ ವೈರಿನ ಹೆಸರು. ಜರ್ಮನ್ ಮನೆಯಲ್ಲಿ ಕೆಲಸಕ್ಕೆ ಬಂದವರು ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಕವರು ಹಾಕಿಕೊಳ್ಳುವುದು ಕ್ರಮ. ನಾನು ಪಾದ ತೋರಿಸಿಕೊಂಡು ಓಡಾಡುವುದನ್ನು ಕಂಡು ಬ್ರಾಂಡ್ಲ್ ಮುಖ ಕೆಂಪಾಗುತ್ತಿತ್ತು. "ಇದೇನು, ದೇವಸ್ಥಾನವೇ?" ಅನ್ನುತ್ತಿದ್ದರು. ನಾನು ಬಿಡಲಿಲ್ಲ.

ಈಗ ಹೇಳಬೇಕೆಂದು ಕುಳಿತ ವಿಷಯಕ್ಕೆ ಬರುತ್ತೇನೆ.

ನ್ಯೂರೆಂಬರ್ಗಿನ ಅಂಚಿನಲ್ಲಿ ಒಂದು ದೊಡ್ಡ ವಸತಿ ಸಮುಚ್ಚಯ. ಅಲ್ಲಿನ ಹಳೆಯ ವೈರಿನ ಥರ್ಮೋಸ್ಟ್ಯಾಟುಗಳನ್ನೆಲ್ಲ ಬದಲಿಸುವ ಮಾತು ನಮ್ಮ ಕಂಪನಿಯೊಂದಿಗೆ ನಡೆದಿತ್ತು. ಕಟ್ಟಡ ನೋಡಿಕೊಳ್ಳುವವರು ಹೆರ್ ಕೆಸ್ಲರ್. ಹೊಸ ಸಾಧನ ನಿಜವಾಗಿ ಬೇಕೋ ಬೇಡವೋ ಎಂದು ಅವರಿಗೆ ಅನುಮಾನ. ಅದೇ ಕಟ್ಟಡದಲ್ಲಿ ಮೈಸೂರಿನ ಒಂದು ಸಂಸಾರ ಇತ್ತು: ಮಹೇಶ, ಅವನ ಹೆಂಡತಿ ಸ್ನೇಹಾ, ಇಬ್ಬರೂ ಸಾಫ್ಟ್‌ವೇರಿನವರು, ಕಿಂಡರ್‌ಗಾರ್ಟನ್‌ಗೆ ಹೋಗುವ ಮಗ ವಿಹಾನ್. ಶರತ್ಕಾಲದಲ್ಲಿ ಮಹೇಶನ ತಾಯಿ ನಾಗರತ್ನಮ್ಮ ಮೊಮ್ಮಗನನ್ನು ನೋಡಲು ಬಂದು ಉಳಿದಿದ್ದರು. ಕನ್ನಡದವರ ಸಂಕ್ರಾಂತಿ ಕೂಟದಲ್ಲಿ ಸ್ನೇಹಾ ನನ್ನನ್ನು ಮೂಲೆಗೆ ಕರೆದಳು.

"ಆಂಟಿ, ನೀವು ಹೀಟಿಂಗ್ ಫೀಲ್ಡ್ ಅಲ್ವಾ? ಮಗು ರೂಮಲ್ಲಿ ಶಿಮ್ಮೆಲ್ ಬಂದಿದೆ. ಗೋಡೆ ಮೂಲೆ ಪೂರ್ತಿ ಕಪ್ಪು ಬೂಷ್ಟು. ಅವನಿಗೆ ಕೆಮ್ಮು ನಿಲ್ತಾನೇ ಇಲ್ಲ. ಕೆಸ್ಲರ್ ಏನಂತಾರೆ ಗೊತ್ತಾ? ನೀವು ಸರಿಯಾಗಿ ಲ್ಯುಫ್ಟೆನ್ ಮಾಡಲ್ಲ, ಕಿಟಕಿ ತೆಗೆದು ಗಾಳಿ ಆಡಿಸಲ್ಲ, ತಪ್ಪು ನಿಮ್ಮದೇ ಅಂತಾರೆ. ಆಬ್‌ಮಾನುಂಗ್ ಕಳಿಸಿದಾರೆ. ಮುಂದಿನ ಸಲನೂ ಹೀಗೇ ಇದ್ರೆ ಮನೆ ಖಾಲಿ ಮಾಡಿ ಅಂತ."

ಆಬ್‌ಮಾನುಂಗ್ ಅಂದರೆ ಲಿಖಿತ ಎಚ್ಚರಿಕೆ. ಇಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಆ ಪದದ ತೂಕ ಗೊತ್ತು. ಮನೆ ಹೋದರೆ ಮಗುವಿನ ಕಿಂಡರ್‌ಗಾರ್ಟನ್ ಹೋಗುತ್ತದೆ, ಅದು ಹೋದರೆ ಇಬ್ಬರಲ್ಲಿ ಒಬ್ಬರ ಕೆಲಸ ಹೋಗುತ್ತದೆ.

ಮೊದಲ ಸಲ ನಾನು ಕೆಸ್ಲರ್ ಜೊತೆಗೇ ಹೋದೆ. ಮನೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೆಸ್ಲರ್ ಕಿಟಕಿಯ ಚೌಕಟ್ಟಿನ ಮೇಲೆ ಬೆರಳಾಡಿಸಿ, "ಲ್ಯುಫ್ಟೆನ್, ಲ್ಯುಫ್ಟೆನ್" ಎಂದು ಪಾಠ ಹೇಳಿಕೊಟ್ಟರು. ನಾನು ಮಗುವಿನ ಕೋಣೆಯಲ್ಲಿ ಬರಿಗಾಲಿಟ್ಟೆ. ನೆಲ ಬೆಚ್ಚಗಿತ್ತು. ಹದವಾಗಿ, ಎಲ್ಲ ಕಡೆ ಒಂದೇ ಸಮ. ಆದರೆ ಮೂಲೆಯ ಗೋಡೆ ಕಪ್ಪಾಗಿತ್ತು. ನೆಲ ಇವತ್ತಿನ ಸುದ್ದಿ ಹೇಳುತ್ತದೆ, ಗೋಡೆ ಇಡೀ ಚಳಿಗಾಲದ ಸುದ್ದಿ ಹೇಳುತ್ತದೆ. ಎರಡೂ ಸುಳ್ಳು ಹೇಳುವುದಿಲ್ಲ. ಹಾಗಾದರೆ ನಡುವೆ ಏನೋ ಬದಲಾಗುತ್ತಿದೆ.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಮಗುವಿನ ಕೋಣೆಯಲ್ಲಿ ಡಬ್ಬಿಯೇ ಇರಲಿಲ್ಲ. ಕಟ್ಟಿದವರು ವೈರು ಉಳಿಸಲು ಪಕ್ಕದ ಹಾಲ್‌ನಲ್ಲಿದ್ದ ಒಂದೇ ಡಬ್ಬಿಗೆ ಎರಡೂ ಕೋಣೆಗಳ ವಾಲ್ವು ಜೋಡಿಸಿದ್ದರು.

"ಎಲ್ಲ ಫ್ಲಾಟಿನಲ್ಲೂ ಹಾಗೇ ಇದೆ," ಅಂದರು ಕೆಸ್ಲರ್. "ಉಳಿದ ಯಾರಿಗೂ ಬೂಷ್ಟು ಬಂದಿಲ್ಲ. ನೀವೇ ನೋಡಿದಿರಲ್ಲ, ಹೀಟಿಂಗ್ ಕೆಲಸ ಮಾಡುತ್ತಿದೆ."

ಅವರು ಹೋದ ಮೇಲೆ ಮಹೇಶ ತಲೆ ಚಚ್ಚಿಕೊಂಡ. "ಯಾರಾದ್ರೂ ಚೆಕ್ ಮಾಡೋಕೆ ಬಂದಾಗ ಮಾತ್ರ ಪರ್ಫೆಕ್ಟಾಗಿ ವರ್ಕ್ ಆಗತ್ತೆ ಮೇಡಂ. ನಮ್ಮ ಆಫೀಸಲ್ಲಿ ಉಲ್ಟಾ, ಡೆಮೋ ದಿನಾನೇ ಕೈ ಕೊಡೋದು."

"ಡಬ್ಬಿ ತಿರುವಿ ಬಿಸಿ ಏರಿಸಿ ನೋಡಿದ್ರೇನು?"

"ನೋಡಿದ್ವಿ. ಹಾಲ್ ಪೂರ್ತಿ ಹಬೆ ಪಾತ್ರೆ ಥರ ಆಗೋಯ್ತು, ಅಮ್ಮಂಗೆ ಉಸಿರು ಕಟ್ಟಿತು. ಮತ್ತೆ ಇಳಿಸಿದ್ವಿ."

ಅವರ ಹಾಲ್‌ಗೆ ದಕ್ಷಿಣದ ಬಿಸಿಲು, ಅಡುಗೆಮನೆಯ ಕಾವು ಎರಡೂ ಇದ್ದವು. ಮಗುವಿನ ಕೋಣೆ ಉತ್ತರಕ್ಕೆ. ಒಂದು ಕೋಣೆಗೆ ಸಾಕಾದದ್ದು ಇನ್ನೊಂದಕ್ಕೆ ಸಾಲದು. ಅಷ್ಟು ನಿಜ. ಆದರೆ ಇಷ್ಟು ಕಪ್ಪು ಗೋಡೆಗೆ ಅಷ್ಟೇ ಕಾರಣ ಸಾಲದು ಅಂತ ನನ್ನ ಓದು ಹೇಳುತ್ತಿತ್ತು.

ಒಂದು ಭಾನುವಾರ ಸ್ನೇಹಾ ತಿಂಡಿಗೆ ಕರೆದಳು. ನಾನು ಒಂದು ಮುಂಚಿನ ಎಸ್-ಬಾನ್ ರೈಲು ಹಿಡಿದಿದ್ದರಿಂದ ಹೇಳಿದ ವೇಳೆಗಿಂತ ಬೇಗ ಹೋದೆ. ಇದು ಜರ್ಮನಿಯಲ್ಲಿ ಮಾಡಬಾರದ ತಪ್ಪು, ನಮ್ಮವರಲ್ಲಿ ಮಾಡಬಹುದು. ಮನೆ ಮನೆಯ ಹಾಗೆಯೇ ಇತ್ತು. ಸೋಫಾದ ಮೇಲೆ ಬಟ್ಟೆ, ನೆಲದ ಮೇಲೆ ಆಟಿಕೆ. ಹಾಲ್‌ನ ಗೋಡೆಯಲ್ಲಿ, ಹಿಂದೆ ಟೆಲಿಫೋನ್ ಇಡಲು ಬಿಟ್ಟ ಗೂಡೊಂದು ಇತ್ತು. ಮೊದಲ ಸಲ ಬಂದಾಗ ಅದರ ಪುಟ್ಟ ಬಾಗಿಲು ಮುಚ್ಚಿತ್ತು. ಈಗ ತೆರೆದಿತ್ತು. ಒಳಗೆ ದೇವರ ಫೋಟೊ, ಮುಂದೆ ಹಿತ್ತಾಳೆಯ ದೊಡ್ಡ ದೀಪ, ಎರಡು ಬತ್ತಿ, ಉರಿಯುತ್ತಿತ್ತು. ಅದರ ನೆತ್ತಿಯ ಮೇಲೆ ನೆಟ್ಟಗೆ ಬಿಳಿ ಡಬ್ಬಿ. ಡಬ್ಬಿಯ ತಳದಲ್ಲಿ ಮಸಿಯ ಗೆರೆ.

ಕೈಯ ಹಿಂಬದಿಯಿಂದ ಡಬ್ಬಿ ಮುಟ್ಟಿದೆ. ಜ್ವರ ಬಂದ ಹಣೆಯ ಹಾಗಿತ್ತು. ಬರಿಗಾಲಲ್ಲೇ ಮಗುವಿನ ಕೋಣೆಗೆ ಹೋದೆ. ನೆಲ ಕಲ್ಲಿನ ಹಾಗೆ ತಣ್ಣಗಿತ್ತು.

"ಈ ದೀಪ ಯಾವಾಗ್ಲೂ ಉರಿತೈತೇನು?" ಎಂದು ಸ್ನೇಹಾಳನ್ನು ಕೇಳಿದೆ.

ಅವಳು ಅಡುಗೆಮನೆಯ ಕಡೆ ನೋಡಿ ದನಿ ಇಳಿಸಿದಳು. "ಅತ್ತೆ ಇಟ್ಟಿರೋ ನಂದಾದೀಪ ಆಂಟಿ. ವಿಹಾನ್ ಕೆಮ್ಮು ವಾಸಿಯಾಗೋವರ್ಗೂ ಆರಿಸಲ್ಲ ಅಂತ ಹರಕೆ ಹೊತ್ತಿದಾರೆ. ಮನೇಲಿ ಬೆಂಕಿ ಉರಿಸಬಾರದು ಅಂತ ರೂಲ್ಸ್ ಇದೆ. ಅದಕ್ಕೇ ಕೆಸ್ಲರ್ ಬರ್ತಾರೆ ಅಂದ್ರೆ ಹಿಂದಿನ ಸಂಜೆ ಮನೆ ಕ್ಲೀನ್ ಮಾಡ್ತೀವಲ್ಲ, ಆಗ್ಲೇ ದೀಪಾನ ಅಡುಗೆಮನೆಗೆ ಶಿಫ್ಟ್ ಮಾಡ್ಬಿಡ್ತೀವಿ."

ನಾನು ಸೋಫಾದ ಮೇಲಿದ್ದ ಬಟ್ಟೆಯ ಮೇಲೆಯೇ ಕುಳಿತೆ. ದೀಪ ಉರಿದರೆ ಡಬ್ಬಿ ಬಿಸಿ. ಡಬ್ಬಿ ಬಿಸಿಯಾದರೆ ಎರಡೂ ವಾಲ್ವು ಬಂದ್. ಹಾಲ್ ಅನ್ನು ಬಿಸಿಲು ಕಾಯುತ್ತದೆ, ಮಗುವಿನ ಕೋಣೆಯನ್ನು ಯಾರೂ ಕಾಯುವುದಿಲ್ಲ. ಕೋಣೆ ತಣ್ಣಗಾದಷ್ಟೂ ತೇವ, ತೇವಕ್ಕೆ ಬೂಷ್ಟು, ಬೂಷ್ಟಿಗೆ ಕೆಮ್ಮು, ಕೆಮ್ಮಿಗೆ ಮತ್ತೆ ದೀಪ. ತನ್ನ ಫಲದಿಂದ ತಾನೇ ಬೆಳೆಯುವ ಇಂಥ ಸುತ್ತುಗಳ ಬಗ್ಗೆ ನಾನು ಆಖೆನ್‌ನಲ್ಲಿ ಪರೀಕ್ಷೆ ಬರೆದಿದ್ದೆ. ಹಿತ್ತಾಳೆಯಲ್ಲಿ ಅದನ್ನು ನೋಡಿದ್ದು ಅಂದೇ ಮೊದಲು. ತಪಾಸಣೆಯ ಹಿಂದಿನ ಸಂಜೆ ದೀಪ ಸರಿಸಿದರೆ, ಬೆಳಗಾಗುವಷ್ಟರಲ್ಲಿ ನೆಲವೆಲ್ಲ ಬೆಚ್ಚಗಾಗಿ ಇವರ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು.

ಮಹೇಶನಿಗೆ ವಿಷಯ ತಿಳಿಸಿದಾಗ ಅವನ ಮುಖ ಬಿಳಿಚಿತು. "ಪ್ಲೀಸ್ ಮೇಡಂ, ಕೆಸ್ಲರ್‌ಗೆ ಹೇಳ್ಬೇಡಿ. ಅಮ್ಮಂಗೂ ಬೇಡ. ಸುಮ್ನೆ ದೀಪ ಆ ಕಡೆ ಇಟ್ಬಿಡ್ತೀವಿ, ಪ್ರಾಬ್ಲಮ್ ಸಾಲ್ವ್."

"ಕೋಣಿ ಬೆಚ್ಚಗಾದೀತು. ಆಬ್‌ಮಾನುಂಗ್ ಹಂಗ ಉಳೀತೈತಿ, ಗ್ವಾಡಿ ಕಪ್ಪೂ ನಿನ್ನ ಹೆಸರಿನ್ಯಾಗ ಉಳೀತೈತಿ. ಕಾರಣ ಏನಂತ ಹೇಳಿದರ ಅಷ್ಟ ನೀ ಪಾರು."

"ಕಾರಣ ನಾವೇ ಅಲ್ವಾ ಮೇಡಂ?"

"ತಡಿ. ಕೆಳಗಿನ ಮನಿ ನೋಡೂಣು."

ಕೆಳಗಿನ ಫ್ಲಾಟಿನಲ್ಲಿ ಫ್ರಾವ್ ಲಿಂಡ್ನರ್ ಎಂಬ ವಯಸ್ಸಾದ ಹೆಂಗಸು ಒಬ್ಬರೇ ಇದ್ದರು. ಅದೇ ನಕ್ಷೆ, ಅದೇ ಗೂಡು. ಗೂಡಿನಲ್ಲಿ ದೇವರಿರಲಿಲ್ಲ, ಗಾಜಿನ ಶೇಡಿನ ಹಳೆಯ ಟೇಬಲ್ ಲ್ಯಾಂಪು ಇತ್ತು. ಚಳಿಗಾಲ ಪೂರ್ತಿ ಉರಿಯುತ್ತದೆ ಅಂದರು. ಉತ್ತರದ ಚಿಕ್ಕ ಕೋಣೆ ತೋರಿಸಿ ಅಂದೆ. ಬಾಗಿಲು ತೆರೆದರೆ ಸೇಬಿನ ವಾಸನೆ. ಸೇಬು, ಆಲೂಗಡ್ಡೆ, ಕ್ರಿಸ್‌ಮಸ್ ಬಿಸ್ಕತ್ತಿನ ಡಬ್ಬಗಳು, ಸಾಲಾಗಿ.

"ಈ ಕೋಣೆ ಮೊದಲಿನಿಂದಲೂ ತಂಪು," ಎಂದು ಅವರು ಹೆಮ್ಮೆಯಿಂದ ಹೇಳಿದರು. "ವಸಂತ ಬಂದರೂ ನನ್ನ ಸೇಬು ಸುಕ್ಕುಗಟ್ಟುವುದಿಲ್ಲ. ಇಂಥ ಕೋಣೆ ಈಗಿನ ಮನೆಗಳಲ್ಲಿ ಸಿಗುವುದಿಲ್ಲ ನೋಡಿ." ಅಲ್ಲಿ ಯಾರೂ ಮಲಗುತ್ತಿರಲಿಲ್ಲ, ಉಸಿರಿನ ತೇವ ಇರಲಿಲ್ಲ, ಆದ್ದರಿಂದ ಬೂಷ್ಟು ಇರಲಿಲ್ಲ. ಹಾಗಾಗಿ ದೂರೂ ಇರಲಿಲ್ಲ. ನನ್ನ ಕೈಗೊಂದು ಸೇಬು ಕೊಟ್ಟರು. ಮೆಟ್ಟಿಲು ಹತ್ತುತ್ತಾ ತಿಂದೆ. ಗೆದ್ದೆ ಅಂತ ನನಗೆ ಆಗಲೇ ಗೊತ್ತಾಗಿತ್ತು.

ಮುಂದಿನ ತಪಾಸಣೆಗೆ ಬ್ರಾಂಡ್ಲ್ ಅವರನ್ನೂ ಕರೆದೆ. ದೀಪ ಸರಿಸಬೇಡಿ ಎಂದು ಮನೆಯವರಿಗೆ ಹೇಳಿದ್ದೆ. ಮಹೇಶ ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ ನಿಂತಿದ್ದ. ಕೆಸ್ಲರ್ ಒಳಗೆ ಬಂದವರೇ ಗೂಡಿನ ಕಡೆ ಬೆರಳು ಮಾಡಿದರು.

"ಬೆಂಕಿ! ಇದೇ ಕಾರಣ. ಬಾಡಿಗೆದಾರರ ತಪ್ಪು. ಮುಗಿಯಿತು."

"ಅರ್ಧ ಮುಗಿಯಿತು," ಅಂದೆ. "ಉಳಿದರ್ಧ ಕೆಳಗಿದೆ. ಬನ್ನಿ."

ಫ್ರಾವ್ ಲಿಂಡ್ನರ್ ಸಂತೋಷದಿಂದ ತಮ್ಮ ಸೇಬುಗಳನ್ನೆಲ್ಲ ತೋರಿಸಿದರು. ಕೋಣೆ ಯಾವಾಗಿನಿಂದ ತಂಪು ಎಂದು ನಾನು ಕೇಳಿದೆ. "ನಾನು ಬಂದಾಗಿನಿಂದ" ಅಂದರು. ಕೆಸ್ಲರ್ ಕಿಟಕಿಯ ಕಡೆ ತಿರುಗಿದರು. ಗಾಳಿ ಆಡಿಸುವ ಪಾಠ ಅಲ್ಲಿ ನೆನಪಾಗಲಿಲ್ಲ.

"ಪ್ಲಾನಿನಲ್ಲಿ ಇದು ಮಕ್ಕಳ ಕೋಣೆ," ಅಂದೆ. "ಬಾಡಿಗೆಯೂ ಹಾಗೆಯೇ ಬರುತ್ತಿದೆ. ಗೂಡಿನ ಮೇಲೆ ಡಬ್ಬಿ ಹೊಡೆದರೆ ಗೂಡಿನಲ್ಲಿ ಜನ ಏನಾದರೊಂದು ಇಟ್ಟೇ ಇಡುತ್ತಾರೆ. ಒಬ್ಬರು ಲ್ಯಾಂಪು ಇಟ್ಟರು, ಒಬ್ಬರು ದೀಪ ಇಟ್ಟರು. ಹಾಲ್‌ನಲ್ಲಿ ಕುಳಿತ ಒಂದು ಡಬ್ಬಿಗೆ ಪಕ್ಕದ ಕೋಣೆಯ ಚಳಿ ಹೇಗೆ ಗೊತ್ತಾಗಬೇಕು?"

ಕೆಸ್ಲರ್ ಬ್ರಾಂಡ್ಲ್ ಕಡೆ ನೋಡಿದರು, ಕಾಗದದ ಮನುಷ್ಯ ತಮ್ಮ ಪರ ನಿಲ್ಲುತ್ತಾರೆ ಎಂದು. ಬ್ರಾಂಡ್ಲ್ ಒಂದು ಸೇಬು ಎತ್ತಿ ತಿರುಗಿಸಿ ನೋಡಿದರು, ಇಟ್ಟರು. ನಿಧಾನಕ್ಕೆ ಅಂದರು: "ಪ್ಲಾನ್ ಸರಿ ಇಲ್ಲ."

ಅಷ್ಟು ವರ್ಷದಲ್ಲಿ ಆ ಬಾಯಿಂದ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ಆಬ್‌ಮಾನುಂಗ್ ವಾಪಸಾಯಿತು. ಗೋಡೆ ಕೆರೆದು ಹೊಸ ಗಾರೆ ಹಾಕಿಸುವ ಹೊಣೆ ಕಟ್ಟಡದವರದಾಯಿತು. ದೀಪಕ್ಕೆ ಗಾಜಿನ ಚಿಮಣಿ ಇರಲಿ, ಮನೆಯಲ್ಲಿ ಯಾರೂ ಇಲ್ಲದಾಗ ಉರಿಯದಿರಲಿ ಎಂದು ಕೆಸ್ಲರ್ ಹೇಳಿದರು. ನ್ಯಾಯದ ಮಾತು. ನಾಗರತ್ನಮ್ಮ ಮನೆ ಬಿಟ್ಟು ಕದಲುತ್ತಲೇ ಇರಲಿಲ್ಲ, ಹರಕೆಗೆ ತೊಂದರೆ ಆಗಲಿಲ್ಲ.

ವಿಷಯ ತಿಳಿಸಬೇಕಾಗಿ ಉಳಿದದ್ದು ಅವರಿಗೇ. ಜರ್ಮನ್ ಬಾರದಿದ್ದರೂ ಬೆರಳು ಯಾವ ಕಡೆ ಹೋಯಿತು ಎಂದು ಅವರು ನೋಡಿದ್ದರು.

"ಏನಂದ ಅವನು? ನನ್ನ ದೀಪದ ಕಡೆ ಕೈ ಮಾಡಿದ."

"ಏನಿಲ್ಲಮ್ಮ, ಸುಮ್ನೆ," ಅಂದ ಮಹೇಶ.

"ನೀನು ಸುಮ್ನಿರೋ. ಇವ್ರನ್ನ ಕೇಳ್ತಿದೀನಿ."

ನನಗೆ ಮುಚ್ಚಿಡಲು ಬರುವುದಿಲ್ಲ. ಪಕ್ಕದಲ್ಲಿ ಕುಳಿತು, ಅವರ ಕೈ ಹಿಡಿದು ಅದರ ಹಿಂಬದಿಯನ್ನು ಡಬ್ಬಿಗೆ ಮುಟ್ಟಿಸಿದೆ. "ನಿಮ್ಮ ದೀಪದ ಕಾವು ಇದಕ್ಕ ತಾಕ್ತೈತ್ರಿ. ಮನಿಯೆಲ್ಲಾ ಬೆಚ್ಚಗೈತಿ ಅಂತ ತಿಳಕೊಂಡು ಇದು ಹುಡುಗನ ಕೋಣಿ ಬಿಸೀನೂ ಬಂದ್ ಮಾಡ್ತೈತಿ."

ಅವರು ಮಗುವಿನ ಕೋಣೆಯ ಬಾಗಿಲ ಕಡೆ ತಿರುಗಿ ನೋಡಿದರು. ಆಮೇಲೆ, "ಹಾಗಾದ್ರೆ ಮಗೂನ ಚಳೀಲಿ ಮಲಗಿಸಿದ್ದು ನಾನೇ."

"ನೀವಲ್ರಿ. ಒಂದು ಡಬ್ಬಿಗೆ ಎರಡು ಕೋಣಿ ಕಟ್ಟಿದವರು."

"ಆರಿಸ್ಬಿಡ್ಲಾ?" ಅವರ ಕೈ ಆಗಲೇ ದೀಪದ ಹತ್ತಿರ ಹೋಗಿತ್ತು.

"ಬ್ಯಾಡ್ರಿ. ಹುಡುಗನ ಕೋಣಿಗೆ ಬ್ಯಾರೆ ಡಬ್ಬಿ ಕೊಡ್ತೀನಿ. ದೀಪದ ಕಾವು ದೀಪಕ್ಕಿರಲಿ, ಕೋಣಿ ಕಾವು ಕೋಣಿಗಿರಲಿ."

ಮಲ್ಟಿಝೋನ್ ಅಂದರೇನು ಎಂದು ಕೇಳುವ ಹುಡುಗರಿಗೆ ನಾನು ಇಂದಿಗೂ ಹೇಳುವುದು ಅಷ್ಟೇ.

ಇಡೀ ಕಟ್ಟಡದ ಕೆಲಸ ನಮಗೇ ಬಂತು, ಅವರ ಫ್ಲಾಟಿನಿಂದಲೇ ಶುರು ಮಾಡಿದೆ. ಕಪಾಟಿನಲ್ಲಿ ಎರಡು ವಾಲ್ವುಗಳ ವೈರು ಬೇರೆ ಮಾಡಿದೆ. ಹಾಲ್‌ನ ಸೆನ್ಸರನ್ನು ಎದುರಿನ ಗೋಡೆಗೆ ಸರಿಸಿದೆ, ಮಗುವಿನ ಕೋಣೆಗೆ ಅದರದೇ ಹಾಕಿದೆ. ಒಂದು ವಾಲ್ವು ತೆರೆದು ಕಾದು, ಬರಿಗಾಲಲ್ಲಿ ನಡೆದೆ. ನೋಡಿದರೆ ಬ್ರಾಂಡ್ಲ್ ಬಾಗಿಲಲ್ಲಿ ಕುಳಿತು ಬೂಟು ಬಿಚ್ಚುತ್ತಿದ್ದರು. ಅವರ ಒಂದು ಸಾಕ್ಸು ಹರಿದಿತ್ತು. ವಿಹಾನ್ ತನ್ನ ಕೋಣೆಯ ನೆಲದ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ, "ಹಿಯರ್ ಇಸ್ಟ್ ಎಸ್ ವಾರ್ಮ್!" ಎಂದು ಕೂಗಿದ.

"ಏನಂತೆ?" ಅಂದರು ಅಜ್ಜಿ.

"ಬೆಚ್ಚಗಿದ್ಯಂತೆ," ಅಂದಳು ಸ್ನೇಹಾ.

"ಅವನು ಹೇಳ್ದ, ಸರಿ. ನನಗೆ ಗೊತ್ತಾಗೋದು ಹ್ಯಾಗೆ?"

ನ್ಯಾಯವಾದ ಪ್ರಶ್ನೆ. ಅವರ ಫೋನಿಗೂ ಆ್ಯಪ್ ಹಾಕಿ ಆ ಕೋಣೆಯ ಅಂಕಿ ಎಲ್ಲಿ ಕಾಣುತ್ತದೆ ಎಂದು ತೋರಿಸಿದೆ. ದೀಪಕ್ಕೆ ಎಣ್ಣೆ ಹಾಕುವಾಗೆಲ್ಲ ಅವರು ಫೋನನ್ನೂ ನೋಡತೊಡಗಿದರು.

ಚಳಿಗಾಲ ಮುಗಿದು ಬಿಸಿಲು ಬರುವ ಹೊತ್ತಿಗೆ ಕೆಮ್ಮು ನಿಂತಿತು. ಯಾವುದರಿಂದ ನಿಂತಿತು ಎಂಬ ವಾದಕ್ಕೆ ನಾನು ಹೋಗಲಿಲ್ಲ. ನಾಗರತ್ನಮ್ಮ ಪಾಯಸ ಮಾಡಿ, ಪೂಜೆ ಮುಗಿಸಿ, ದೀಪವನ್ನು ಶಾಂತ ಮಾಡಿ, ಮೈಸೂರಿಗೆ ಮಗಳ ಮನೆಗೆ ಹೊರಟರು. ನಾನು ಅದೇ ವರ್ಷ ನಿವೃತ್ತಳಾದೆ.

ಮೊನ್ನೆ ಚಳಿ ಶುರುವಾದ ಮೇಲೆ ಮಹೇಶನ ಫೋನು ಬಂತು. "ಆಂಟಿ, ಒಂದು ಟೆಕ್ನಿಕಲ್ ಹೆಲ್ಪ್. ಬೆಳಿಗ್ಗೆ ನಾವು ಲ್ಯುಫ್ಟೆನ್‌ಗೆ ಅಂತ ಕಿಟಕಿ ತೆಗೆಯೋದೇ ತಡ, ಮೈಸೂರಿಂದ ಅಮ್ಮನ ಕಾಲ್. 'ಮಗು ರೂಮು ಹದಿನೇಳು ಡಿಗ್ರಿಗೆ ಇಳೀತು, ಯಾವನೋ ಅದು ಕಿಟಕಿ ತೆಗ್ದಿರೋನು?' ಅಂತ. ದಿನಾ ಇದೇ. ಆ್ಯಪಿಂದ ಅಮ್ಮನ ಆಕ್ಸೆಸ್ ತೆಗೀಬಹುದಾ?"

"ತೆಗೀಬಹುದು. ಭಾಳ ಸುಲಭ ಐತಿ."

"ಹೇಗೆ ಆಂಟಿ?"

"ಅದನ್ನ ಮಾತ್ರ ನಾ ಹೇಳಿ ಕೊಡೂದಿಲ್ಲ. ಫೋನ್ ಇಡು, ಮೊದಲ ಹೋಗಿ ಕಿಟಕಿ ಮುಚ್ಚು."